ಕಿವಿಗಿಟ್ಟ ಮಂತ್ರಿ

ಹೊನ್ನವಳ್ಳಿಯಿಂದ ಕಿಬ್ಬನಹಳ್ಳಿಯವರೆಗೆ ಚದುರಂಗದಲ್ಲಿ ತನ್ನನ್ನು ಮಣಿಸುವ ಗಂಡು ಇನ್ನೂ ಹುಟ್ಟಿಲ್ಲವೆಂದು ತೋಂಟದಾರ್ಯ ೧೯೮೩ರಲ್ಲಿ ಸಾರಿದ. ಸಾರಿದ್ದಷ್ಟೇ ಅಲ್ಲ, ತಿಪಟೂರಿನ ಟೂರ್ನಮೆಂಟಿಗೆ ಹೆಸರು ಕೊಟ್ಟ ದಿನವೇ ನಡುಮನೆಯ ಗೂಡಿನಿಂದ ರೇಡಿಯೋ ಇಳಿಸಿ ಗೆದ್ದು ತರುವ ಕಪ್ಪಿಗೆ ಜಾಗ ಮಾಡಿದ.

ಅಟ್ಟದ ಮೇಲಿನ ತೆಂಗಿನಕಾಯನ್ನು ಕಿವಿಗಿಟ್ಟು ಅಲ್ಲಾಡಿಸಿ, ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದರಲ್ಲಿ ಅವನಿಗೆ ಎದುರಿಲ್ಲ. ಮೂವತ್ತು ವರ್ಷದಲ್ಲಿ ಅಲ್ಲಾಡಿಸಿದ್ದನ್ನೆಲ್ಲ ಸಾಲಾಗಿ ಜೋಡಿಸಿದರೆ ಚಂದ್ರನವರೆಗೆ ನಡೆದು, ಕಾಫಿ ಕುಡಿದು ಬರಬಹುದು. ತೊಂದರೆ ಬಂದದ್ದೇ ಅಲ್ಲಿ. ಯೋಚನೆ ಹತ್ತಿದರೆ ಸಾಕು, ಕೈಗೆ ಸಿಕ್ಕಿದ್ದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಜಗಲಿಯ ಆಟದಲ್ಲಿ ಯಾರೂ ಕೇಳಲಿಲ್ಲ. ಟೂರ್ನಮೆಂಟಿನಲ್ಲೋ, ಮುಟ್ಟಿದ ಕಾಯನ್ನೇ ನಡೆಸಬೇಕು. ಮೊದಲ ಆಟದಲ್ಲೇ ಮಂತ್ರಿಯನ್ನು ಕಿವಿಗಿಟ್ಟ.

“ನಡೆಸಿ ಯಜಮಾನ್ರೇ,” ಎಂದ ಎದುರಾಳಿ.

ಎಲ್ಲಿಟ್ಟರೂ ಮಂತ್ರಿಗೆ ಸಾವೇ. ಐದು ಆಟ, ಐದು ಸೋಲು.

ಹೈಸ್ಕೂಲು ಮೇಷ್ಟ್ರು ಶಂಭುಲಿಂಗಯ್ಯ ಅವನನ್ನು ತಿದ್ದಲು ನಿಂತರು. ಸೋತ ಆಟಗಳನ್ನು ಬರೆದಿಟ್ಟು ಮತ್ತೆ ಆಡಿ ನೋಡಬೇಕು. ದಿನಾ ಒಂದು ಗಂಟೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕಣ್ಣಲ್ಲೇ ಆಡಬೇಕು. ಮೊದಲ ವಾರ ಆ ಕೈಗಳು ಒದ್ದಾಡಿದ ರಭಸಕ್ಕೆ ತೋಂಟದಾರ್ಯ ಕೂತ ಮಣೆ ನೆಲದಿಂದ ಗೇಣುದ್ದ ಮೇಲೆದ್ದಿತು. ಕೊನೆಗೆ ಹೆಂಡತಿ ವಿಮಲಮ್ಮ ನಾರಿನ ಹಗ್ಗ ತಂದು ಕೈ ಕಟ್ಟಿದಳು.

“ಎಮ್ಮೆ ಕರನೂ ಇಷ್ಟು ಒದ್ದಾಡಕಿಲ್ಲ ಕಣ್ರೀ! ರೇಡಿಯೋ ಹಿಟ್ಟಿನ ಮಡಕೆ ಮ್ಯಾಲೆ ಕುಂತು ವರ್ಸ ಆಗ್ತಾ ಬಂತು. ಈ ಸಲ ಒಂದಾಟನಾದ್ರೂ ಗೆದ್ಕೊಂಡು ಬನ್ನಿ. ಇಲ್ದಿದ್ರೆ ಅದನ್ನ ವಾಪಸ್ ಗೂಡಿಗಿಡ್ತೀನಿ.”

ಮರುವರ್ಷದ ಟೂರ್ನಮೆಂಟಿನಲ್ಲಿ ಕೈ ತೊಡೆಯ ಕೆಳಗಿಂದ ಅನಗತ್ಯವಾಗಿ ಒಮ್ಮೆಯೂ ಹೊರಬರಲಿಲ್ಲ. ಆದರೂ ನಾಲ್ಕು ಆಟ ಹೋದವು. ಐದನೆಯದರಲ್ಲಿ ಗೆಲುವು ಎದುರಿಗೇ ಕೂತಿತ್ತು: ಆನೆಯನ್ನು ಒಂದು ಮನೆ ಸರಿಸಿದರೆ ಎದುರಾಳಿಯ ರಾಜ ಕಟ್ಟು. ತೋಂಟದಾರ್ಯ ಕೈ ಎತ್ತಲು ಹೋದ. ಈ ನಡೆ ಹುಡುಕುತ್ತ ಕೂತ ಅರ್ಧ ಗಂಟೆಯೂ ಅವನ ಭಾರ ಹೊತ್ತ ಕೈಗಳು ಜೋಮು ಹಿಡಿದು ಒನಕೆಗಳಾಗಿದ್ದವು. ಬೈದ, ಬೇಡಿದ, ಬೆರಳು ಅಲುಗಲಿಲ್ಲ. ಅಷ್ಟರಲ್ಲಿ ಅವನ ಹೊತ್ತು ಎಣಿಸುತ್ತಿದ್ದ ಗಡಿಯಾರದ ಪುಟ್ಟ ಕೆಂಪು ಬಾವುಟ ಬಿತ್ತು.

“ಟೈಮಾಯ್ತು, ಸೋತ್ರಿ,” ಎಂದ ಅಂಪೈರು.

ಮನೆ ಬಾಗಿಲಲ್ಲೇ ವಿಮಲಮ್ಮ ರೇಡಿಯೋ ಹಿಡಿದು ನಿಂತಿದ್ದಳು. “ಮೊಕ ನೋಡಿದ್ರೇ ಗೊತ್ತಾಯ್ತದೆ ಬುಡಿ. ಇಡ್ಲಾ ಗೂಡಿಗೆ?”

ತೋಂಟದಾರ್ಯ ರೇಡಿಯೋ ಕಿತ್ತುಕೊಂಡ. ಕಿವಿಗಿಟ್ಟು ಎರಡು ಸಲ ಅಲ್ಲಾಡಿಸಿದ.

“ಒಳಗೇನೋ ಕಳಚ್ಕೊಂಡೈತೆ ಕಣೇ. ರಿಪೇರಿಗೆ ಕೊಡು. ಅಲ್ಲೀಗಂಟ ಗೂಡು ನಂದೇ.”