ಎಂಬೇಯ ಬಸ್ಸಿನ ಕೂಸು

ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಹಂಪಣ್ಣ ಹುಟ್ಟಾ ಪುಕ್ಕಲ. ದೇವದುರ್ಗದ ಬಸ್ಸಿನ ಬೋರ್ಡು ಓದಿ ಹತ್ತಿ ಕೂತ ಮೇಲೂ ಪಕ್ಕದವರನ್ನು “ಇದು ದೇವದುರ್ಗಕ್ಕ ಹೋಗ್ತದಲ್ರೀ?” ಎಂದು ಕೇಳದಿದ್ದರೆ ಸಮಾಧಾನವಿಲ್ಲ. ಇಂಥವನನ್ನು ಮಾಲೀಕ ಪ್ರಭುರಾಜ ಟಾಂಜಾನಿಯಾಕ್ಕೆ ಕಳಿಸಿದ. ಅಲ್ಲಿ ಭತ್ತ ಬೆಳೆಯುವ ಎಂಬೇಯ ಸೀಮೆಯಲ್ಲಿ ಪ್ರಭುರಾಜನ ನೆಂಟರೊಬ್ಬರು ಗಿರಣಿ ಹಾಕಿದ್ದರು. ಯಂತ್ರ ಕೂಡಿಸಲು ನಂಬಿಗಸ್ತ ಕೈ ಬೇಕಿತ್ತು.

“ಒಲ್ಲೆ ಅಂತ ಹೇಳ್ರಿ” ಎಂದಳು ಹೆಂಡತಿ ಪಕೀರಮ್ಮ. ಹಾಗೆ ಹೇಳುವುದಕ್ಕೂ ಅವನಿಗೆ ಧೈರ್ಯ ಸಾಲಲಿಲ್ಲ.

ದಾರ್ ಎಸ್ ಸಲಾಮ್‌ನಲ್ಲಿ ಆ ಗಿರಣಿಯವರು ಅವನನ್ನು ನಸುಕಿನ ಬಸ್ಸಿಗೆ ಹತ್ತಿಸಿ, ಕೊನೆಯ ಸ್ಟಾಪಿನಲ್ಲಿ ಇಳಿಯಲು ಹೇಳಿ ಹೋದರು. ಊರುಗಳು ಹಿಂದೆ ಸರಿದು ಬಯಲು ಬಂತು. ಗುಡಾಣದಂಥ ಬುಡದ ಮರಗಳು ಬಿಟ್ಟರೆ ನರಪಿಳ್ಳೆ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಬಸ್ಸು ಮೆಲ್ಲಗಾದಾಗೆಲ್ಲ ಹಂಪಣ್ಣ ಬನಿಯನ್ನಿನೊಳಗಿನ ಪಾಸ್‌ಪೋರ್ಟು ಮುಟ್ಟಿಕೊಳ್ಳುತ್ತಿದ್ದ.

ಪಕ್ಕದಲ್ಲಿ ಚಿಕ್ಕ ಹೆಣ್ಣುಕೂಸಿನ ತಾಯಿಯೊಬ್ಬಳು ಕೂತಿದ್ದಳು. ಮೂತ್ರಕ್ಕೆಂದು ರಸ್ತೆ ಬದಿಯಲ್ಲಿ ಬಸ್ಸು ನಿಂತಾಗ ಅವಳು ಏನೋ ಹೇಳಿ, ಕೂಸನ್ನು ಅವನ ತೊಡೆಯ ಮೇಲಿಟ್ಟು ಇಳಿದಳು. ಅವನು ತಲೆಯಾಡಿಸಿದ. ಇಳಿದವರೆಲ್ಲ ಮತ್ತೆ ಹತ್ತಿದರು, ಬಸ್ಸು ಹೊರಟಿತು. ಅವಳು ಮಾತ್ರ ಬಂದಿರಲಿಲ್ಲ.

“ಏ ಯಪ್ಪಾ, ನಿಲ್ಸ್ರಿ! ಕೂಸಿನ ತಾಯಿ ಬಂದಿಲ್ಲ!”

ಕಂಡಕ್ಟರ್ ಕೂತ್ಕೋ ಎಂದು ಕೈ ಮಾಡಿದ. ಕೂಸು “ಮಾಮಾ, ಮಾಮಾ” ಎಂದು ಅಳತೊಡಗಿತು. “ನಾ ನಿಮ್ಮ ಮಾಮ ಅಲ್ಲವ್ವಾ” ಎಂದವನಿಗೆ, ಅದು ತಾಯಿಯನ್ನೇ ಕರೆಯುತ್ತಿದೆ ಎಂದು ಥಟ್ಟನೆ ಹೊಳೆಯಿತು. ತಾನೂ ಹಿಂದಕ್ಕೆ ಬೆರಳು ತೋರಿಸುತ್ತ “ಮಾಮಾ! ಮಾಮಾ!” ಎಂದು ಕಿರುಚಿದ. ಕೆಲವರು ನಕ್ಕರು. ಮುಂದಿನ ಸೀಟಿನ ಮುದುಕಿ ತಿರುಗಿ, ಖಾಲಿ ಜಾಗ ನೋಡಿ, ಎದ್ದು ನಿಂತು ಚೀರಿದಳು. ಬಸ್ಸು ನಿಂತಿತು.

ಆದರೆ ಡ್ರೈವರ್ ಹಿಂದೆ ತಿರುಗಿಸಲು ಒಪ್ಪಲಿಲ್ಲ. ಕಂಡಕ್ಟರ್ ಕೂಸಿಗಾಗಿ ಕೈ ಚಾಚಿ, ಮುಂದಿನ ಊರಿನತ್ತ ತೋರಿಸಿ “ಪೊಲೀಸ್” ಎಂದ. ಕೊಟ್ಟುಬಿಟ್ಟರೆ ತನ್ನ ಪಾಡಿಗೆ ತಾನು ಪಾರು. ಆದರೂ ಹಂಪಣ್ಣ ಕೂಸನ್ನು ಎದೆಗವಚಿಕೊಂಡು ಬಾಗಿಲಿಗೆ ಹೋಗಿ, ಮೆಟ್ಟಿಲ ಮೇಲೆ ಕೂತು, ಒಂದು ಕಾಲು ನೆಲಕ್ಕೂರಿದ.

“ಕೊಡಂಗಿಲ್ಲ. ಅಕಿ ಬರೋತನಕ ಬಸ್ಸು ಹೋಗಂಗಿಲ್ಲ.”

ಡ್ರೈವರ್ ಹಾರ್ನ್ ಒತ್ತಿದ, ಬೈದ. ಇಲ್ಲೇ ಇಳಿಸಿ ಹೋದರೆ? ಪರರ ಕೂಸಿನೊಂದಿಗೆ ಸಿಕ್ಕಿಬಿದ್ದರೆ ಯಾವ ಭಾಷೆಯಲ್ಲಿ ಯಾರಿಗೆ ಹೇಳಲಿ? ಬೆವರು ಕಣ್ಣಿಗಿಳಿಯುತ್ತಿತ್ತು. ಕಡೆಗೆ ದೂರದಲ್ಲಿ ಧೂಳೆದ್ದಿತು. ಯಾರದೋ ಬೈಕಿನ ಹಿಂದಿನ ಸೀಟಿನಲ್ಲಿ ಆ ತಾಯಿ, ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಓಡಿಬಂದು ಕೂಸನ್ನು ಕಸಿದುಕೊಂಡಳು, ಹಂಪಣ್ಣನ ಭುಜಕ್ಕೆ ಫಟಾರನೆ ಹೊಡೆದಳು, ಆಮೇಲೆ ಅಲ್ಲೇ ಕುಸಿದು ಅತ್ತಳು. ತನ್ನ ಊರು ಬರುವವರೆಗೂ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಅವನ ಅಂಗಿಯ ತೋಳು ಹಿಡಿದೇ ಕೂತಿದ್ದಳು.

ಕತ್ತಲಾಗುವಾಗ ಎಂಬೇಯ ಬಂತು. ಫೋನಿನಲ್ಲಿ ಪಕೀರಮ್ಮ, “ಮುಟ್ಟಿದ್ರೇನು? ಏನೂ ತ್ರಾಸ ಆಗ್ಲಿಲ್ಲಲ್ಲ?” ಎಂದಳು. ಇಲ್ಲವೆನ್ನಲು ಹೋದವನು, ಬಸ್ಸಿನ ಕತೆಯನ್ನೆಲ್ಲ ಮೊದಲಿಂದ ಹೇಳತೊಡಗಿದ.

ಗಿರಣಿ ಸುರುವಾದ ಮೇಲೆಯೇ ಅವನು ಮಾನ್ವಿಗೆ ಮರಳಿದ್ದು. ಆ ಕೂಸಿನ ಹೆಸರು ಕೇಳಲು ಹೊಳೆಯಲೇ ಇಲ್ಲವೆಂದು ಈಗಲೂ ಪೇಚಾಡುತ್ತಾನೆ.