ವಾರಿಜಕ್ಕ ಕೊಟ್ಟ ಬೆಸಾಂವ್

1961ರಲ್ಲಿ ನಾನು ಮಂಗಳೂರಿನ ಒಂದು ಆಸ್ಪತ್ರೆಯ ಹೆಂಗಸರ ಕ್ಷಯದ ವಾರ್ಡಿನಲ್ಲಿ ಆಯಾ ಆಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ದೇರೆಬೈಲಿನ ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟು ಕೊಡಿಯಾಲ್‌ಬೈಲಿನ ಮೂಲಕ ನಡೆದೇ ಹೋಗುತ್ತಿದ್ದೆ. ವಾರ್ಡಿನಲ್ಲಿ ಎಂಟು ಮಂಚ. ನೆಲ ಒರೆಸುವುದು, ಕಫದ ಡಬ್ಬಿ ತೊಳೆಯುವುದು, ಏಳಲಾರದವರ ತಲೆ ಬಾಚುವುದು ನನ್ನ ಕೆಲಸ. ಒಳಗೆ ಇರುವಷ್ಟು ಹೊತ್ತೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂಬುದು ನಿಯಮ.

ಬೇರೆ ಆಯಾಗಳು ಆ ವಾರ್ಡು ಬೇಡವೆನ್ನುತ್ತಿದ್ದರು. ನಾನು ಕೇಳಿ ಹಾಕಿಸಿಕೊಂಡೆ. ಮೇಟ್ರನ್ ನನ್ನನ್ನು ಧೈರ್ಯದ ಹುಡುಗಿ ಎಂದು ಹೊಗಳಿದರು. ಅದು ಧೈರ್ಯವಲ್ಲವೆಂದು ನನಗೊಬ್ಬಳಿಗೆ ಗೊತ್ತಿತ್ತು.

ಆರನೇ ಮಂಚದಲ್ಲಿ ನಂತೂರಿನ ಕಡೆಯ ವಾರಿಜಕ್ಕ ಇದ್ದರು. ನಲ್ವತ್ತರ ಆಸುಪಾಸು, ತುಳು ಮನೆಮಾತು, ಬಾಯಿ ಬಹಳ ಜೋರು. ತಾಯಿ ಸತ್ತ ಮೇಲೆ ತಮ್ಮ ಶೀನನನ್ನು ಅವರೇ ಸಾಕಿದ್ದರಂತೆ. ಶೀನ ಪ್ರತಿ ಆದಿತ್ಯವಾರ ಬುತ್ತಿ ತರುತ್ತಿದ್ದ. ಆದರೆ ಒಳಗೆ ಬರುತ್ತಿರಲಿಲ್ಲ. ಬುತ್ತಿಯನ್ನು ಜಗಲಿಯ ತುದಿಯಲ್ಲಿಟ್ಟು ದೂರ ನಿಲ್ಲುತ್ತಿದ್ದ. ಮನೆಯಲ್ಲಿ ಸಣ್ಣ ಮಕ್ಕಳಿದ್ದವು, ಹೆದರಿಕೆ. ಒಂದು ಆದಿತ್ಯವಾರ ವಾರಿಜಕ್ಕ ಕಿಟಕಿಯಿಂದ ನೋಡುತ್ತಿದ್ದಾಗ ಅವನು ಖಾಲಿ ಬುತ್ತಿಯನ್ನು ನಳ್ಳಿಯಡಿ ಮೂರು ಸಲ ತೊಳೆದು, ಕಡೆಗೆ ಮಣ್ಣಿನಿಂದ ಕೈ ತಿಕ್ಕಿಕೊಂಡ.

ಮರುದಿನದಿಂದ ವಾರಿಜಕ್ಕ ಇಂಜೆಕ್ಷನ್ ಬೇಡ ಎಂದರು. ಸ್ಟ್ರೆಪ್ಟೋಮೈಸಿನ್ ಎಂಬ ಆ ಔಷಧಿಯನ್ನು ತಿಂಗಳುಗಟ್ಟಲೆ ಬಿಡದೆ ಚುಚ್ಚಬೇಕು. ನಡುವೆ ಬಿಟ್ಟರೆ ರೋಗ ಗಟ್ಟಿಯಾಗಿ ಆಮೇಲೆ ಔಷಧಿಯೇ ನಾಟುವುದಿಲ್ಲ. ಮೂರು ದಿನ ತಪ್ಪಿತು. "ಶನಿವಾರದ ಒಳಗೆ ಒಪ್ಪದಿದ್ದರೆ ಮನೆಗೆ ಕಳಿಸ್ತೇನೆ. ಮಂಚಕ್ಕೆ ಹೊರಗೆ ಜನ ಕಾಯ್ತಾ ಇದ್ದಾರೆ" ಎಂದು ಡಾಕ್ಟರು ಹೇಳಿದರು. ಹೋದರೆ ಅವರು ಉಳಿಯುವುದಿಲ್ಲವೆಂದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ನನಗೆ ಬಂದ ಸಮಾಧಾನ ಹೇಳಿದೆ. ಇಗರ್ಜಿಯಲ್ಲಿ ಪಾದ್ರಿಗಳಿಂದ ಕೇಳಿದ ಮಾತು. "ದೇವರು ಪ್ರೀತಿಸುವವರಿಗೇ ಕಷ್ಟ ಕೊಡುವುದು, ವಾರಿಜಕ್ಕ."

"ನಿನ್ನ ದೇವರಿಗೆ ಹೇಳು ಮಾರಾಯ್ತಿ, ನನ್ನನ್ನು ಪ್ರೀತಿಸಿದ್ದು ಸಾಕು. ಇನ್ನು ಸ್ವಲ್ಪ ನಿನ್ನನ್ನು ಪ್ರೀತಿಸಲಿ."

ಪಕ್ಕದ ಮಂಚದವರು ಕೆಮ್ಮುತ್ತಲೇ ನಕ್ಕರು. ವಾರಿಜಕ್ಕ ನಗಲಿಲ್ಲ. "ಮೂಗು ಕಟ್ಟಿಕೊಂಡು ನೆಲ ಒರೆಸುವವಳು ನೀನು. ನಿನಗೆ ಎಂತ ಗೊತ್ತುಂಟು?"

ನನಗೆ ಗೊತ್ತಿದ್ದದ್ದನ್ನು ಶುಕ್ರವಾರ ಮಧ್ಯಾಹ್ನ ಅವರ ತಲೆ ಬಾಚುತ್ತಾ ಹೇಳಿಬಿಟ್ಟೆ. ಮುಖ ಕಾಣದಿದ್ದುದರಿಂದ ಹೇಳಲು ಸಾಧ್ಯವಾಯಿತು.

ನನ್ನ ಅಕ್ಕ ಲೂಸಿ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದಳು. ಅಕ್ಕನನ್ನು ನಾವು ಕೊಂಕಣಿಯಲ್ಲಿ ಬಾಯಿ ಎನ್ನುವುದು. 1952ರಲ್ಲಿ ಅವಳಿಗೆ ಇದೇ ರೋಗ ಬಂತು. ಔಷಧಿ ಊರಿಗೆ ಬಂದಿತ್ತು, ನಮ್ಮ ಮನೆಯವರೆಗೆ ಬಂದಿರಲಿಲ್ಲ. ಅವಳ ಮಂಚವನ್ನು ಬದಿಯ ಕೋಣೆಗೆ ಹಾಕಿದರು. ನಮ್ಮಲ್ಲಿ ಸಂಜೆ ಎಲ್ಲರೂ ಕೂಡಿ ತೇರ್ಸ್, ಅಂದರೆ ಜಪಮಾಲೆ, ಹೇಳುತ್ತೇವೆ. ಮುಗಿದ ಮೇಲೆ ಕಿರಿಯರು ಕೈಮುಗಿದು ಹಿರಿಯರೊಬ್ಬೊಬ್ಬರ ಹತ್ತಿರ ಬೆಸಾಂವ್, ಅಂದರೆ ಆಶೀರ್ವಾದ, ಬೇಡಬೇಕು. ಮೊದಲು ಅಪ್ಪ, ಆಮೇಲೆ ಅಮ್ಮ, ಆಮೇಲೆ ಲೂಸಿ ಬಾಯಿ. ಬಾಗಿಲಲ್ಲೇ ನಿಂತು ಕೇಳು, ಸಾಕು ಎಂದು ಅಮ್ಮ ಹೇಳಿದ್ದಳು. ನನಗೆ ಹದಿನಾರು ವರ್ಷ. ಅಮ್ಮನ ಬೆಸಾಂವ್ ತೆಗೆದುಕೊಂಡು ನೆಟ್ಟಗೆ ಅಡಿಗೆ ಕೋಣೆಗೆ ನಡೆದುಬಿಡುತ್ತಿದ್ದೆ. ಬಾಯಿ ಮಂಚದಲ್ಲಿ ಕುಳಿತು ಬಲಗೈ ಎತ್ತಿಕೊಂಡು ಕಾಯುತ್ತಿದ್ದಳು. ಓರೆಗಣ್ಣಿಗೆ ಕಾಣುತ್ತಿತ್ತು. ಕೆಲವು ದಿನಗಳ ಮೇಲೆ ಕೈ ಎತ್ತುವುದನ್ನು ಬಿಟ್ಟಳು. ಈಸ್ಟರಿಗೆ ಮೊದಲು ತೀರಿಕೊಂಡಳು. ನಾನು ಬೆಸಾಂವ್ ಬೇಡದೆ ಹೋದದ್ದನ್ನು ಪಾಪನಿವೇದನೆಯಲ್ಲಿ ಹೇಳಿದೆ. ಪಾದ್ರಿಗಳು ಪ್ರಾರ್ಥನೆ ವಿಧಿಸಿದರು, ಹೇಳಿ ಮುಗಿಸಿದೆ. ಆ ಕೈ ಮಾತ್ರ ಕಣ್ಣಿನಿಂದ ಹೋಗಲಿಲ್ಲ.

ವಾರಿಜಕ್ಕ ಕನಿಕರಪಡುತ್ತಾರೆಂದು ನಾನು ಎಣಿಸಿದ್ದೆ. ಅವರು ಬಾಚಣಿಗೆ ಕಸಿದುಕೊಂಡರು. "ನೀನೂ ಶೀನನ ಜಾತಿಯವಳೇ. ಹೋಗು."

ಅಂದು ಸಂಜೆ ಎಂದಿನಂತೆ ವಾರ್ಡಿನ ಮೂಲೆಯಲ್ಲಿ ಇಬ್ಬರು ಕ್ರಿಸ್ತಾಂವ್ ರೋಗಿಗಳೊಡನೆ ತೇರ್ಸ್ ಹೇಳಿದೆ. ಮುಗಿದ ಮೇಲೆ ಕಾಲು ತಾನಾಗಿ ಆರನೇ ಮಂಚಕ್ಕೆ ಹೋಯಿತು. ಕೈಮುಗಿದು ತಲೆ ಬಗ್ಗಿಸಿದೆ. "ಬೆಸಾಂವ್ ಕೊಡಿ, ಬಾಯಿ."

"ನಾನು ಕೊಟ್ಟರೆ ನಿನ್ನ ಅಕ್ಕ ಕೊಟ್ಟ ಹಾಗೆ ಆಗ್ತದಾ?"

"ಆಗುವುದಿಲ್ಲ."

"ಮತ್ತೆಂತಕ್ಕೆ ಬಂದದ್ದು?"

"ನನಗೆ ಬೇಕು, ವಾರಿಜಕ್ಕ."

ತಲೆಯ ಮೇಲೆ ಕೈ ಬಿತ್ತು. ಮೂಳೆಯಷ್ಟೇ ಇದ್ದ ಬಿಸಿ ಕೈ. "ದೇವೆರ್ ಎಡ್ಡೆ ಮಲ್ಪಡ್" ಎಂದರು. ದೇವರು ಒಳ್ಳೆಯದು ಮಾಡಲಿ ಎಂದು. ನನಗೆ ಅಳು ಬಂದು ಮೂಗಿನ ಬಟ್ಟೆ ಒದ್ದೆಯಾಯಿತು.

"ನಾಳೆಯೂ ಬಾ" ಎಂದರು. "ನೀನು ಒಂದು ದಿನ ತಪ್ಪಿಸಿದರೆ ನಾನೂ ಸೂಜಿ ತಪ್ಪಿಸ್ತೇನೆ, ನೋಡು."

ಶನಿವಾರ ಬೆಳಿಗ್ಗೆ ನರ್ಸ್ ಬರುವ ಮೊದಲೇ ತೋಳು ಚಾಚಿ ಕುಳಿತಿದ್ದರು. ನಾನು ರಜೆಯ ದಿನವೂ ದೇರೆಬೈಲಿನಿಂದ ನಡೆದು ಬಂದು ಬೆಸಾಂವ್ ಬೇಡಿ ಹೋಗುತ್ತಿದ್ದೆ. ಮುಂದಿನ ಆದಿತ್ಯವಾರ ಶೀನ ಜಗಲಿಯ ತುದಿಯಲ್ಲಿ ನಿಂತಾಗ ವಾರಿಜಕ್ಕ ಕಿಟಕಿಯಿಂದ ಕೂಗಿದರು: "ಅಲ್ಲಿಂದಲೇ ಕೈಮುಗಿ ಮಾರಾಯ, ಇಲ್ಲಿಂದ ಮುಟ್ಟುತ್ತದೆ!" ಅವನು ಬುತ್ತಿ ಕೆಳಗಿಟ್ಟು ಕೈಮುಗಿದ. ಅವನು ಕೊನೆಯವರೆಗೂ ಒಳಗೆ ಬರಲಿಲ್ಲ. ಆದರೂ ಎಂಟು ತಿಂಗಳ ಮೇಲೆ ಗುಣವಾದ ಅಕ್ಕನನ್ನು ಕರೆದೊಯ್ಯಲು ಬಂದವನು ಅವನೇ.

ಮುಂದೆ ಆ ವಾರ್ಡಿನಲ್ಲಿ ಬಹಳ ವರ್ಷ ದುಡಿದೆ. ರೋಗಿಗಳಿಗೆ ಎಲ್ಲರೂ ಏನಾದರೂ ಕೊಡಲು ಬರುತ್ತಾರೆ: ಔಷಧಿ, ಗಂಜಿ, ಬುದ್ಧಿಮಾತು. ಅವರ ಹತ್ತಿರ ಏನನ್ನಾದರೂ ಬೇಡುವವರು ಇರುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇದನ್ನೇ. ಆಮೇಲೆ ನಾನು ಯಾರಿಗೂ ದೇವರ ಪ್ರೀತಿಯ ವಿಷಯ ಹೇಳಲು ಹೋಗಲಿಲ್ಲ. ಸಂಜೆ ಮಂಚದಿಂದ ಮಂಚಕ್ಕೆ ಹೋಗಿ ತಲೆ ಬಗ್ಗಿಸುತ್ತಿದ್ದೆ.

ಈಗ ತೇರ್ಸ್ ಮುಗಿದ ಮೇಲೆ ನಾನೇ ಮನೆಗೆ ಹಿರಿಯಳು. ಮಕ್ಕಳು ಆಟದ ಗಡಿಬಿಡಿಯಲ್ಲಿ ಒಮ್ಮೊಮ್ಮೆ ತಡಮಾಡುತ್ತವೆ. ನಾನು ಕೈ ಎತ್ತಿಕೊಂಡೇ ಕಾಯುತ್ತೇನೆ. ತೋಳು ನೋಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.