ಆರುನೂರು ಕಾಯಿಯ ಲೆಕ್ಕ

ನನ್ನ ಅಕ್ಕನ ಮಗಳು ಐದನೇ ಕ್ಲಾಸು. ಶಾಲೆಗೆಂದು ತುರುವೇಕೆರೆಯ ನಮ್ಮ ಮನೆಯಲ್ಲೇ ಇದ್ದಾಳೆ. ಅವಳಿಗೆ ಲೆಕ್ಕ ಹೇಳಿಕೊಡುವವನು ನಾನಾಗಿದ್ದೆ. ಹೇಳಿಕೊಡುವುದು ಅಂದರೆ, ನನ್ನ ಹಳೆಯ ಲೆಕ್ಕದ ಮೇಷ್ಟ್ರ ಹಾಗೆ ಮೂಗಿನಲ್ಲಿ ಮಾತಾಡಿ, ಪಂಚೆ ಎತ್ತಿ ಕಟ್ಟಿ, ಎರಡು ಲೆಕ್ಕಕ್ಕೆ ಒಂದು ಗಂಟೆ ನಗಿಸುವುದು. ಉತ್ತರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೂ ಪುಸ್ತಕ ಹಿಡಿದು ಅವಳು ಬರುತ್ತಿದ್ದುದು ನನ್ನ ಹತ್ತಿರಕ್ಕೇ.

ಅಣ್ಣನಿಗೆ ಮದುವೆಯಾಯಿತು. ಅತ್ತಿಗೆ ಮೈಸೂರಿನವರು. ಬಂದ ತಿಂಗಳೊಳಗೆ ಪುಸ್ತಕ ಅವರ ಮಡಿಲು ಸೇರಿತು. ಅವರದು ಒಂದೇ ಕ್ರಮ: "ಮೊದಲು ಏನು ಕೊಟ್ಟಿದ್ದಾರೆ ಪುಟ್ಟಿ? ಆಮೇಲೆ, ಏನು ಕೇಳಿದ್ದಾರೆ?" ಒಂದೊಂದು ಹಂತಕ್ಕೂ ಒಂದೊಂದು ಸಾಲು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಹುಡುಗಿ ತಾನೇ ಉತ್ತರ ಹೇಳಿಬಿಡುವಳು. ನಾನು ಜಗಲಿಯಲ್ಲಿ ಫೋನ್ ನೋಡುವವನಂತೆ ಕೂತು, ಅವರು ಎಲ್ಲಾದರೂ ತಪ್ಪಲಿ ಎಂದು ಕಾಯುತ್ತಿದ್ದೆ. ತಪ್ಪುತ್ತಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ಭಾನುವಾರ ಪುಸ್ತಕದಲ್ಲಿ ತೆಂಗಿನಕಾಯಿಯ ಲೆಕ್ಕವೇ ಬಂತು. ತೋಟದಿಂದ ಆರುನೂರು ಕಾಯಿ ಇಳಿಸಿದರು, ಎಂಟರಲ್ಲಿ ಒಂದು ಭಾಗ ಕೆಟ್ಟಿತ್ತು, ಉಳಿದದ್ದನ್ನು ಐದು ಚೀಲಕ್ಕೆ ಸಮನಾಗಿ ತುಂಬಿದರೆ ಚೀಲಕ್ಕೆ ಎಷ್ಟು? ಕಾಯಿಯ ವಿಷಯ ಮೈಸೂರಿನವರಿಗೆ ಏನು ಗೊತ್ತು? ಪುಸ್ತಕ ಕಿತ್ತುಕೊಂಡೆ.

ತೋಟದ ಕಾಯಿ ಮಾರುವಾಗ ನೂರಕ್ಕೆ ನಾಲ್ಕು ಕಾಯಿ ಮೇಲೆ ಹಾಕಿ ಎಣಿಸುವುದು ನಮ್ಮ ಮನೆಯ ರೂಢಿ. ಹಾಗಾಗಿ ಆರುನೂರು ಎಂದರೆ ನನ್ನ ತಲೆಯಲ್ಲಿ ಆರುನೂರ ಇಪ್ಪತ್ತನಾಲ್ಕು. ಎಂಟರಿಂದ ಭಾಗಿಸಿದೆ, ಎಪ್ಪತ್ತೆಂಟು. ಕಳೆದೆ, ಐನೂರ ನಲವತ್ತಾರು. ಐದರಿಂದ ಭಾಗಿಸಿದೆ, ಚೀಲಕ್ಕೆ ನೂರ ಒಂಬತ್ತು. ಒಂದು ಕಾಯಿ ಉಳಿಯಿತು.

"ಉಳಿದಿದ್ದು ಏನ್ ಮಾಡದು ಮಾವ?"

"ದೇವ್ರಿಗೆ ಒಡಿಯದು ಕಣೇ. ಅಷ್ಟೂ ಗೊತ್ತಿಲ್ವಾ?"

ಅತ್ತಿಗೆ ನಕ್ಕಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಗದೆ, "ಇಪ್ಪತ್ತನಾಲ್ಕು ಎಲ್ಲಿಂದ ಬಂತು? ಪುಸ್ತಕದಲ್ಲಿ ಕೊಟ್ಟಿದ್ದಾರಾ?" ಎಂದು ಮೆಲ್ಲಗೆ ಕೇಳಿದರು. ಅಡುಗೆಮನೆಯಿಂದ ಅಮ್ಮ, "ಅವನು ಪರೀಕ್ಷೇಲೂ ಹಂಗೇ ಬರ್ದು ಬಂದಿದ್ದು, ಬುಡಮ್ಮ" ಎಂದಳು.

ಮಾನ ಉಳಿಸಿಕೊಳ್ಳಲು ನನಗೆ ಬರುವುದು ಒಂದೇ ವಿದ್ಯೆ. ಟವೆಲನ್ನು ಸೆರಗಿನಂತೆ ಹೊದ್ದು, ಕತ್ತು ಓರೆ ಮಾಡಿ, ಅತ್ತಿಗೆಯ ಧ್ವನಿಯಲ್ಲೇ ಶುರು ಮಾಡಿದೆ. "ಏನು ಕೊಟ್ಟಿದ್ದಾರೆ ಪುಟ್ಟಿ? ಆರುನೂರು. ಬರೀ ಆರುನೂರು." ಎಂಟರಲ್ಲಿ ಒಂದು ಭಾಗ ಎಪ್ಪತ್ತೈದು. ಉಳಿದದ್ದು ಐನೂರ ಇಪ್ಪತ್ತೈದು. ಐದು ಚೀಲಕ್ಕೆ ಹಂಚಿದರೆ ನೂರ ಐದು, ಏನೂ ಉಳಿಯುವುದಿಲ್ಲ. ಅಣಕಿಸಲು ಹೊರಟವನು ಸರಿಯುತ್ತರಕ್ಕೆ ಬಂದು ನಿಂತಿದ್ದೆ. ಅತ್ತಿಗೆಯೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಎಷ್ಟೋ ವಾರಗಳಿಂದ ನನ್ನ ಹತ್ತಿರ ಬಾರದಿದ್ದ ಹುಡುಗಿ ಆಗ ಪುಸ್ತಕವನ್ನು ನನ್ನ ಮುಂದೆ ಇಟ್ಟಳು. ನಾನು ಟವೆಲ್ ತೆಗೆದು, ಗಂಟಲು ಸರಿ ಮಾಡಿಕೊಂಡು, ನನ್ನದೇ ಧ್ವನಿಯಲ್ಲಿ ಮುಂದಿನ ಲೆಕ್ಕ ಓದತೊಡಗಿದೆ.

"ಹಂಗಲ್ಲ ಮಾವ. ಅತ್ತೆ ಥರ ಹೇಳ್ಕೊಡು."

ಅತ್ತಿಗೆಯ ಮುಖ ನೋಡದೆ ಟವೆಲ್ ಮತ್ತೆ ಹೊದ್ದುಕೊಂಡೆ.